ಸಕ್ಕರೆ ಕಾಯಿಲೆಯವರ ಪಾದಯಾತ್ರೆ: ಮಲಗಿದ ಮೇಲೂ ಇಳಿಯುವ ಶುಗರ್

ದಿನಕ್ಕೆ 25 ಕಿಲೋಮೀಟರ್ ನಡೆದು ಬಂದ ಯಾತ್ರಿಕರೊಬ್ಬರು ಸಂಜೆ ಶುಗರ್ ನೋಡಿಕೊಳ್ಳುತ್ತಾರೆ. 140 ಇರುತ್ತದೆ. ಎಂದಿನ ಇನ್ಸುಲಿನ್ ತೆಗೆದುಕೊಂಡು, ದಣಿದು, ಅರೆಬರೆ ಊಟ ಮಾಡಿ ಮಲಗುತ್ತಾರೆ. ರಾತ್ರಿ ಎರಡು ಮೂರು ಗಂಟೆಯ ಹೊತ್ತಿಗೆ ಅದೇ ಶುಗರ್ 60ಕ್ಕಿಂತ ಕೆಳಗೆ ಹೋಗಿರಬಹುದು. ನಿದ್ದೆಯಲ್ಲಿರುವವರಿಗೆ ನಡುಕವಾಗಲಿ ಬೆವರಾಗಲಿ ಗೊತ್ತಾಗದೇ ಹೋಗುತ್ತದೆ. ಪಾದಯಾತ್ರೆಗೆ ಹೊರಡುವ ಮಧುಮೇಹಿಗಳು ಎಲ್ಲಕ್ಕಿಂತ ಮೊದಲು ಅರಿತಿರಬೇಕಾದ ಅಪಾಯ ಇದು.

ಕಾರಣ ಸ್ನಾಯುಗಳಲ್ಲಿದೆ. ಕೆಲಸ ಮಾಡುತ್ತಿರುವ ಸ್ನಾಯು ರಕ್ತದಿಂದ ಗ್ಲುಕೋಸ್ ಎಳೆದುಕೊಳ್ಳಲು ಇನ್ಸುಲಿನ್‌ಗಾಗಿ ಕಾಯುವುದಿಲ್ಲ. ನಡೆಯುವಾಗ ಗ್ಲುಟ್-4 ಎಂಬ ಸಾಗಣೆ ಪ್ರೋಟೀನುಗಳು ತಾವಾಗಿಯೇ ಜೀವಕೋಶದ ಹೊರಪೊರೆಗೆ ಬಂದು ಗ್ಲುಕೋಸನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಜೊತೆಗೆ ಸ್ನಾಯುವಿನಲ್ಲೂ ಯಕೃತ್ತಿನಲ್ಲೂ ಕೂಡಿಟ್ಟ ಗ್ಲೈಕೋಜೆನ್ ಎಂಬ ಗ್ಲುಕೋಸ್ ದಾಸ್ತಾನು ಖರ್ಚಾಗುತ್ತದೆ. ನಡಿಗೆ ನಿಂತ ಮೇಲೆ ದೇಹ ಆ ದಾಸ್ತಾನನ್ನು ಮತ್ತೆ ತುಂಬಿಸಿಕೊಳ್ಳಲು ತೊಡಗುತ್ತದೆ, ಅದಕ್ಕೆ ಬೇಕಾದ ಗ್ಲುಕೋಸ್ ರಕ್ತದಿಂದಲೇ ಹೋಗಬೇಕು. ಇನ್ಸುಲಿನ್‌ನ ಪರಿಣಾಮವೂ ಮುಂದಿನ 24ರಿಂದ 48 ಗಂಟೆಗಳ ಕಾಲ ಎಂದಿಗಿಂತ ಹೆಚ್ಚಿರುತ್ತದೆ. ದಿನವೂ ನಡೆಯುವವರಲ್ಲಿ ನಿನ್ನೆಯದು ತೀರುವ ಮೊದಲೇ ಇವತ್ತಿನದು ಸೇರಿಕೊಳ್ಳುತ್ತದೆ. ಮೊದಲ ದಿನ ಏನೂ ಆಗಲಿಲ್ಲ ಎಂಬುದು ಮೂರನೆಯ ದಿನಕ್ಕೆ ಖಾತರಿಯಲ್ಲ.

ಆದ್ದರಿಂದ ಮಾತ್ರೆ, ಇನ್ಸುಲಿನ್‌ಗಳ ಲೆಕ್ಕ ಹೊರಡುವ ಮೊದಲೇ ವೈದ್ಯರ ಜೊತೆ ಕೂತು ಆಗಬೇಕು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಲೋ ಶುಗರ್ ಆಗುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಝೈಡ್, ಗ್ಲಿಬೆನ್‌ಕ್ಲಮೈಡ್ ಹಾಗಲ್ಲ. ಅವು ಹೊಟ್ಟೆ ಖಾಲಿಯಿದ್ದರೂ ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತವೆ, ನಡಿಗೆಯ ದಿನಗಳಲ್ಲಿ ಇವುಗಳ ಪ್ರಮಾಣ ಇಳಿಸಬೇಕಾಗುವುದು ಸಾಮಾನ್ಯ. ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಅದನ್ನು ಶೇಕಡಾ 20ರಷ್ಟು ಕಡಿಮೆ ಮಾಡಿ ಶುರುಮಾಡುವುದು ರೂಢಿಯಲ್ಲಿದೆ. ಊಟದ ಹೊತ್ತಿನ ಇನ್ಸುಲಿನ್ ಇನ್ನೂ ಹೆಚ್ಚು ಇಳಿಯಬಹುದು. ನಡೆಯುವ ದಿನ ತೊಡೆಗೆ ಚುಚ್ಚಿಕೊಂಡರೆ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುತ್ತದೆ, ಹೊಟ್ಟೆಯ ಭಾಗ ವಾಸಿ. ಡಾಪಾಗ್ಲಿಫ್ಲೋಝಿನ್, ಎಂಪಾಗ್ಲಿಫ್ಲೋಝಿನ್ ಮೂತ್ರದಲ್ಲಿ ಸಕ್ಕರೆಯ ಜೊತೆ ನೀರನ್ನೂ ಕಳೆಯುತ್ತವೆ. ಬಿಸಿಲು, ವಾಂತಿಭೇದಿ ಅಥವಾ ಉಪವಾಸ ಇವುಗಳ ಜೊತೆ ಸೇರಿದರೆ, ಶುಗರ್ ತೀರಾ ಹೆಚ್ಚಿರದಿದ್ದರೂ ರಕ್ತದಲ್ಲಿ ಕೀಟೋನ್ (ದೇಹ ಕೊಬ್ಬನ್ನು ಉರಿಸುವಾಗ ಹುಟ್ಟುವ ಆಮ್ಲ) ಏರಿ ಜೀವಕ್ಕೆ ಅಪಾಯವಾಗಬಹುದು. ಈ ಮಾತ್ರೆಗಳನ್ನು ಯಾವಾಗ ನಿಲ್ಲಿಸಬೇಕು ಎಂಬುದನ್ನು ವೈದ್ಯರಿಂದ ಬರೆಸಿಕೊಂಡೇ ಹೊರಡಿ.

ಬೆಳಿಗ್ಗೆ ಹೊರಡುವಾಗ ಶುಗರ್ 90ರಿಂದ 250ರ ನಡುವೆ ಇರಲಿ. ಇನ್ಸುಲಿನ್ ಅಥವಾ ಲೋ ಶುಗರ್ ತರುವ ಮಾತ್ರೆ ತೆಗೆದುಕೊಳ್ಳುವವರಲ್ಲಿ 90ಕ್ಕಿಂತ ಕಡಿಮೆ ಇದ್ದರೆ 15ರಿಂದ 30 ಗ್ರಾಂ ಕಾರ್ಬೋಹೈಡ್ರೇಟ್ ತಿಂದು, ಏರಿದೆ ಎಂದು ಖಚಿತಪಡಿಸಿಕೊಂಡು ಹೆಜ್ಜೆ ಹಾಕಬೇಕು. ಟೈಪ್ 1, ಅಂದರೆ ದೇಹದಲ್ಲಿ ಇನ್ಸುಲಿನ್ ಬಹುತೇಕ ಹುಟ್ಟದ ಮಧುಮೇಹ ಇರುವವರು, ಶುಗರ್ 250 ದಾಟಿದ್ದರೆ ಕೀಟೋನ್ ನೋಡಬೇಕು, ರಕ್ತದ ಕೀಟೋನ್ ಲೀಟರಿಗೆ 1.5 ಮಿಲಿಮೋಲ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ನಡಿಗೆ ಬೇಡ.

ಪರೀಕ್ಷೆ ಮಾಡುವ ರೀತಿಯಲ್ಲೇ ತಪ್ಪಾಗುವುದುಂಟು. ಹಣ್ಣು ಸುಲಿದ ಬೆರಳಲ್ಲಿ ಉಳಿದ ರಸ ಒಂದು ಹನಿ ರಕ್ತದ ಜೊತೆ ಬೆರೆತರೂ ಯಂತ್ರ 200 ತೋರಿಸೀತು, ನಿಜವಾದದ್ದು 80 ಇದ್ದೀತು. ಆ ಸುಳ್ಳು ಅಂಕಿ ನಂಬಿ ಇನ್ಸುಲಿನ್ ಹಾಕಿಕೊಂಡರೆ ಏನಾಗುತ್ತದೆ ಎಂದು ಯೋಚಿಸಿ. ಕೈ ತೊಳೆದು ಒರೆಸಿಕೊಳ್ಳಿ, ನೀರು ಇಲ್ಲದಿದ್ದರೆ ಮೊದಲ ಹನಿ ಒರೆಸಿ ಎರಡನೆಯದನ್ನು ಬಳಸಿ. ಸ್ಟ್ರಿಪ್‌ಗಳ ಡಬ್ಬಿಯನ್ನು ತಕ್ಷಣ ಮುಚ್ಚಬೇಕು, ತೇವಕ್ಕೆ ಅವು ಕೆಡುತ್ತವೆ.

ಶುಗರ್ 70ಕ್ಕಿಂತ ಕೆಳಗಿಳಿದರೆ ನಿಂತಲ್ಲೇ ಕೂತು 15 ಗ್ರಾಂ ಗ್ಲುಕೋಸ್ ತೆಗೆದುಕೊಂಡು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಏರದಿದ್ದರೆ ಮತ್ತೆ 15 ಗ್ರಾಂ. ಚಾಕೊಲೇಟ್ ಇದಕ್ಕೆ ಆಗದು, ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ನುಂಗುವವರಿಗೆ ಮಾಮೂಲಿ ಸಕ್ಕರೆಯೂ ಆಗದು. ಸಕ್ಕರೆಯನ್ನು ಗ್ಲುಕೋಸ್ ಆಗಿ ಒಡೆಯುವ ಕಿಣ್ವವನ್ನೇ ಆ ಮಾತ್ರೆಗಳು ತಡೆದಿರುತ್ತವೆ. ಅವರ ಜೇಬಲ್ಲಿ ಗ್ಲುಕೋಸ್ ಪುಡಿ ಅಥವಾ ಮಾತ್ರೆಯೇ ಇರಬೇಕು. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ಎದೆಬಡಿತ, ನಡುಕದ ಮುನ್ಸೂಚನೆ ಮಂಕಾಗುತ್ತದೆ. ಬೆವರು ಮಾತ್ರ ಉಳಿಯುತ್ತದೆ, ಅದೂ ಬಿಸಿಲಲ್ಲಿ ನಡೆಯುವಾಗ ಗುರುತಿಗೆ ಬಾರದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು ಎಂಬುದು ಜೊತೆಗೆ ನಡೆಯುವ ಒಬ್ಬರಿಗಾದರೂ ಗೊತ್ತಿರಲಿ.

ಮಲಗುವ ಮುಂಚೆ ಒಮ್ಮೆ, ಮೊದಲ ಕೆಲವು ರಾತ್ರಿ ಅಲಾರಂ ಇಟ್ಟು ಎರಡು ಗಂಟೆಗೆ ಇನ್ನೊಮ್ಮೆ ನೋಡುವುದು ಕಿರಿಕಿರಿ ಅನಿಸಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಬಿಡಲೇಬಾರದು.

ಇನ್ನು ಪಾದ. ಮಧುಮೇಹ ನರಗಳನ್ನು ಮಂಕಾಗಿಸಿದ್ದರೆ ಬೊಬ್ಬೆ ಎದ್ದರೂ ನೋವಾಗುವುದಿಲ್ಲ, ನೋವಾಗದ್ದರಿಂದ ಆ ಮನುಷ್ಯ ಅದರ ಮೇಲೆಯೇ ಇನ್ನೂ ಹತ್ತು ಕಿಲೋಮೀಟರ್ ನಡೆಯುತ್ತಾನೆ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಮುಟ್ಟಿಸಿ ಸ್ಪರ್ಶ ಇದೆಯೇ ಎಂದು ವೈದ್ಯರು ಕೆಲವೇ ನಿಮಿಷದಲ್ಲಿ ನೋಡಬಲ್ಲರು. ಹೊರಡುವ ಮುಂಚೆ ಇದನ್ನು ಮಾಡಿಸಿ. ಸ್ಪರ್ಶ ಹೋಗಿದ್ದರೆ ಬರಿಗಾಲಿನ ಹರಕೆ ಬೇಡವೇ ಬೇಡ. ಸುಡುಬಿಸಿಲಿನ ಡಾಂಬರು 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಚರ್ಮ ಸುಟ್ಟರೂ ಕಾಲು ಹೇಳುವುದಿಲ್ಲ.

ಶೂವನ್ನು ಪಾದ ಊದಿಕೊಂಡಿರುವ ಸಂಜೆಯ ಹೊತ್ತಿನಲ್ಲಿ, ನಡಿಗೆಯಲ್ಲಿ ಹಾಕುವ ಕಾಲುಚೀಲದ ಸಮೇತ ಹಾಕಿ ನೋಡಿ ಖರೀದಿಸಿ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನಷ್ಟು ಜಾಗ ಇರಬೇಕು. ಹೊಸ ಶೂ ಹಾಕಿಕೊಂಡು ಯಾತ್ರೆ ಶುರುಮಾಡಬೇಡಿ, ಕೆಲವು ವಾರ ಮೊದಲೇ ಅದರಲ್ಲಿ ನಡೆದು ಪಳಗಿಸಿ. ಪ್ರತಿ ಸಲ ಕಾಲಿಡುವ ಮುಂಚೆ ಒಳಗೆ ಕೈ ಹಾಕಿ ತಡವಿ ನೋಡಿ. ಕಲ್ಲಿನ ಚೂರು, ಮಡಿಸಿಕೊಂಡ ಒಳಪದರ, ಎದ್ದ ಹೊಲಿಗೆ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತವೆ. ಮಧ್ಯಾಹ್ನ ಕಾಲುಚೀಲ ತೆಗೆದು ಒಣಗಿದ್ದನ್ನು ಹಾಕಿಕೊಳ್ಳಿ, ಒದ್ದೆ ಚರ್ಮ ಬೇಗ ಸುಲಿಯುತ್ತದೆ. ದಣಿವಾರಲೆಂದು ಬಿಸಿನೀರಲ್ಲಿ ಕಾಲಿಡುವುದು ಬೇಡ. ಸಂಜೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿ, ಬೆರಳ ಸಂದುಗಳನ್ನು ಒರೆಸಿ ನೋಡಿ. ಬೊಬ್ಬೆಯ ಮೇಲ್ಚರ್ಮ ಕೀಳಬೇಡಿ, ಮುಚ್ಚಿ ಆರೋಗ್ಯ ಸಿಬ್ಬಂದಿಗೆ ತೋರಿಸಿ. ಗಾಯದ ಸುತ್ತ ಕೆಂಪು ಹರಡಿದರೆ, ವಾಸನೆ ಬಂದರೆ, ಜ್ವರ ಬಂದರೆ ಅಂದಿನಿಂದಲೇ ನಡಿಗೆ ನಿಲ್ಲಿಸಬೇಕು. ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಊದಿ ಬಿಸಿಯಾಗಿದ್ದರೂ ಅಷ್ಟೇ. ಅದು ಮೂಳೆ ಕುಸಿಯತೊಡಗಿರುವ ಲಕ್ಷಣವಾಗಿರಬಹುದು, ಪ್ರತಿ ಹೆಜ್ಜೆಯೂ ಪಾದದ ಆಕಾರವನ್ನೇ ಕೆಡಿಸುತ್ತದೆ.

ಇನ್ಸುಲಿನ್ ಪೆನ್ನನ್ನು ಬಳಸಲು ಶುರುಮಾಡಿದ ಮೇಲೆ 30 ಡಿಗ್ರಿಯೊಳಗೆ ಇಟ್ಟರೆ ಹೆಚ್ಚಿನವು 28 ದಿನ ಬಾಳುತ್ತವೆ. ನೀರಲ್ಲಿ ನೆನೆಸಿ ಬಳಸುವ ತಂಪಿನ ಚೀಲ ನಡಿಗೆಗೆ ಸಾಕು. ಮಂಜುಗಡ್ಡೆಗೆ ನೇರ ತಾಗಿಸಬಾರದು, ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ನೋಡಲು ಚೆನ್ನಾಗಿದ್ದರೂ ನಿರುಪಯುಕ್ತ.

ಯಾತ್ರೆ ಮುಗಿದ ದಿನ ಹಳೆಯ ಡೋಸ್‌ಗೆ ಒಮ್ಮೆಲೇ ಹಿಂದಿರುಗಬೇಡಿ, ಸ್ನಾಯುಗಳು ಇನ್ನೂ ಒಂದೆರಡು ದಿನ ಗ್ಲುಕೋಸ್ ಎಳೆದುಕೊಳ್ಳುತ್ತಲೇ ಇರುತ್ತವೆ. ಹಾಗೆಂದು ಇಳಿಸಿದ ಡೋಸ್‌ನಲ್ಲೇ ವಾರ ಕಳೆದರೆ ಶುಗರ್ ಏರತೊಡಗುತ್ತದೆ. ಊಟಗಳ ಮುಂಚೆ ಮತ್ತು ಮಲಗುವಾಗ ನೋಡಿಕೊಳ್ಳುತ್ತ, ಆ ಅಂಕಿಗಳನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ, ಹಂತಹಂತವಾಗಿ ಮೊದಲಿನ ಪ್ರಮಾಣಕ್ಕೆ ಬನ್ನಿ.