ಒಂದೇ ಶಾಟ್, ಇಬ್ಬರು ಹೆಂಗಸರು: ವಿಮರ್ಶಕರು ಎಲ್ಲಿ ನಿಂತರು?

‘ದ ಬಾಡಿ ರಿಮೆಂಬರ್ಸ್ ವೆನ್ ದ ವರ್ಲ್ಡ್ ಬ್ರೋಕ್ ಓಪನ್’ ಕೆನಡಾದ ಚಿತ್ರ, 2019ರದ್ದು. ಬ್ಲ್ಯಾಕ್‌ಫೂಟ್ (ಉತ್ತರ ಅಮೆರಿಕದ ಮೂಲನಿವಾಸಿಗಳು) ಮತ್ತು ಸಾಮಿ (ಉತ್ತರ ಯುರೋಪಿನ ಮೂಲನಿವಾಸಿಗಳು) ಮೂಲದ ಎಲ್ಲೆ-ಮಾಯ್ಯಾ ಟೇಲ್‌ಫೆದರ್ಸ್ ಇದನ್ನು ಕ್ಯಾಥ್ಲೀನ್ ಹೆಪ್‌ಬರ್ನ್ ಜೊತೆ ಸೇರಿ ನಿರ್ದೇಶಿಸಿದ್ದಾರೆ, ಆಯ್ಲಾ ಪಾತ್ರವನ್ನೂ ಮಾಡಿದ್ದಾರೆ. ಕತೆ ಚಿಕ್ಕದು. ಪೂರ್ವ ವ್ಯಾಂಕೂವರ್‌ನ ರಸ್ತೆಯಲ್ಲಿ, ಮಳೆಯಲ್ಲಿ, ಬಸುರಿ ರೋಸಿ ಬರಿಗಾಲಲ್ಲಿ ನಿಂತಿದ್ದಾಳೆ. ಗೆಳೆಯ ಹೊಡೆದಿದ್ದಾನೆ. ಆಯ್ಲಾ ಅವಳನ್ನು ತನ್ನ ಮನೆಗೆ ಕರೆದೊಯ್ಯುತ್ತಾಳೆ. ಇಬ್ಬರೂ ಮೂಲನಿವಾಸಿಗಳೇ, ಆದರೆ ಆಯ್ಲಾ ಬಿಳಿ ಮೈಬಣ್ಣದವಳು, ಅನುಕೂಲಸ್ಥೆ.

ವಿಮರ್ಶೆಗಳಲ್ಲಿ ಜಾಸ್ತಿ ಸಿಗುವುದು ಕ್ಯಾಮೆರಾದ ಮಾತು. ಶುರುವಿನ ಕೆಲವು ನಿಮಿಷ ಬಿಟ್ಟರೆ ಇಡೀ ಚಿತ್ರ ಒಂದೇ ಶಾಟ್, ಅಂದರೆ ಎಲ್ಲೂ ಕಟ್ ಮಾಡದೆ ಒಂದೇ ಸಲಕ್ಕೆ ತೆಗೆದದ್ದು ಅನ್ನಿಸುತ್ತದೆ. ಛಾಯಾಗ್ರಾಹಕ ನಾರ್ಮ್ ಲಿ ಬಳಸಿದ್ದು 16 ಎಂಎಂ ಫಿಲ್ಮ್. ಅದರ ಒಂದು ರೋಲ್ ಸುಮಾರು 11 ನಿಮಿಷಕ್ಕೆ ಮುಗಿಯುತ್ತದೆ. ಅಂದರೆ ಹಲವು ಶಾಟ್‌ಗಳನ್ನು ಗೊತ್ತಾಗದಂತೆ ಜೋಡಿಸಿದ್ದಾರೆ. ಹೊಗಳಬೇಕಾದ ಕೆಲಸವೇ. ಆದರೆ ಅಲ್ಲಿಗೇ ನಿಂತ ವಿಮರ್ಶೆ ಅರ್ಧ ಕೆಲಸ ಅಂತ ನನ್ನ ಅನಿಸಿಕೆ.

ಕಟ್ ಇಲ್ಲದಿದ್ದರೆ ಯಾರಿಗೆ ತಪ್ಪಿಸಿಕೊಳ್ಳಲು ಜಾಗ ಇರುವುದಿಲ್ಲ, ಹೇಳಿ? ಸಹಾಯಕ್ಕೆ ಬಂದ ಆಯ್ಲಾಗೆ. ಟ್ಯಾಕ್ಸಿ ದೃಶ್ಯ ನೋಡಿ. ಇವಳು ನನ್ನ ಅಕ್ಕ, ಚಟ ಬಿಡಿಸುವ ಕೇಂದ್ರಕ್ಕೆ ಕರೆದೊಯ್ಯುತ್ತಿದ್ದೇನೆ ಅಂತ ರೋಸಿ ಡ್ರೈವರ್ ಹತ್ತಿರ ಸುಳ್ಳು ಹೇಳುತ್ತಾಳೆ. ಅಷ್ಟು ಹೊತ್ತು ಕಾಪಾಡುವವಳಾಗಿದ್ದ ಆಯ್ಲಾ ಒಂದೇ ಮಾತಿಗೆ ಕರುಣೆಗೆ ಪಾತ್ರಳಾದವಳು. ಕ್ಯಾಮೆರಾ ಅಲ್ಲಿಂದ ಕದಲುವುದಿಲ್ಲ. ತಂತ್ರವನ್ನು ಈ ವರ್ಗ, ಬಣ್ಣಗಳ ಅಂತರದ ಜೊತೆ ಸೇರಿಸಿ ಓದಿದ ವಿಮರ್ಶೆಗಳೇ ನಮಗೆ ಉಪಯೋಗಕ್ಕೆ ಬರುವಂಥವು.

ಕಾಲವನ್ನೂ ಗಮನಿಸಿ. ಫೆಬ್ರವರಿಯಲ್ಲಿ ಚಿತ್ರ ಬರ್ಲಿನ್ ಉತ್ಸವದಲ್ಲಿ ಮೊದಲು ತೆರೆಕಂಡಿತು. ಅದೇ ವರ್ಷ ಜೂನ್‌ನಲ್ಲಿ, ಕಾಣೆಯಾದ ಮತ್ತು ಕೊಲೆಯಾದ ಮೂಲನಿವಾಸಿ ಮಹಿಳೆಯರ ಬಗ್ಗೆ ಕೆನಡಾದ ರಾಷ್ಟ್ರೀಯ ವಿಚಾರಣಾ ಆಯೋಗ ವರದಿ ಕೊಟ್ಟು, ಇದು ನರಮೇಧ ಎಂದಿತು. ಇನ್ನೊಂದು ಅಂಕಿ: 2016ರ ಜನಗಣತಿಯಂತೆ 14 ವರ್ಷದವರೆಗಿನ ಮಕ್ಕಳಲ್ಲಿ ಮೂಲನಿವಾಸಿಗಳು 7.7%. ಸರ್ಕಾರದ ಪೋಷಣೆಯಲ್ಲಿ, ಬೇರೆಯವರ ಮನೆಗಳಲ್ಲಿ ಬೆಳೆಯುವ ಮಕ್ಕಳಲ್ಲಿ 52.2%. ರೋಸಿಯೂ ಹಾಗೇ ಬೆಳೆದವಳು. ಸಹಾಯ ಮಾಡುತ್ತೇವೆ ಎಂದು ಬರುವವರನ್ನು ಅವಳು ಯಾಕೆ ನಂಬುವುದಿಲ್ಲ ಅಂತ ಈಗ ಬೇರೆ ಹೇಳಬೇಕಿಲ್ಲ, ಅಲ್ವಾ?

ಪ್ರಶಸ್ತಿಗಳ ಪಟ್ಟಿ, ಪರೀಕ್ಷೆಗೆ ಓದುತ್ತಿರುವವರಿಗೆ ಸಾಕಾಗುವಷ್ಟು: ಟೊರೊಂಟೊ ವಿಮರ್ಶಕರ ಸಂಘ ಇದನ್ನು ವರ್ಷದ ಅತ್ಯುತ್ತಮ ಕೆನಡಾ ಚಿತ್ರವಾಗಿ ಆರಿಸಿತು. 2020ರ ಕೆನಡಿಯನ್ ಸ್ಕ್ರೀನ್ ಪ್ರಶಸ್ತಿಗಳಲ್ಲಿ ನಿರ್ದೇಶನ, ಚಿತ್ರಕಥೆ, ಛಾಯಾಗ್ರಹಣ ಮೂರೂ ಇದಕ್ಕೇ ಬಂದವು.

ಚರ್ಚೆಗೆ ಒಳ್ಳೆಯ ಜಾಗ ಕೊನೆಯ ಭಾಗ. ಹೊಡೆತ ತಿಂದ ಹೆಂಗಸರಿಗಿರುವ ಆಶ್ರಯಧಾಮದವರೆಗೆ ಆಯ್ಲಾ ಜೊತೆ ಹೋದ ರೋಸಿ ಅಲ್ಲಿ ಉಳಿಯದೆ ವಾಪಸ್ ಹೊರಡುತ್ತಾಳೆ. ಇದನ್ನು ಸೋಲು ಅಂದುಬಿಡುವುದು ಸುಲಭ. ಆದರೆ ಅಲ್ಲಿ ಕೆಲಸ ಮಾಡುವ ಹೆಂಗಸರು ಒತ್ತಾಯ ಮಾಡುವುದಿಲ್ಲ, ಬೈಯುವುದೂ ಇಲ್ಲ. ಆಯ್ಲಾಳ ಚಡಪಡಿಕೆಗೂ ಅವರ ತಾಳ್ಮೆಗೂ ಇರುವ ವ್ಯತ್ಯಾಸವನ್ನು ಹಿಡಿದು ಒಂದು ಪ್ಯಾರಾ ಬರೆದು ನೋಡಿ.