ಹೊಲಿಗೆ ಯಂತ್ರದ ಬೆನ್ನ ಮೇಲೆ ಸೈತಾನ ಇರಲಿಲ್ಲ

ಪ್ರಶ್ನೆ: ಎಸಿ/ಡಿಸಿ ಎಂಬ ರಾಕ್ ಬ್ಯಾಂಡಿನ ಹೆಸರು 'ಆಂಟಿ ಕ್ರೈಸ್ಟ್/ಡೆವಿಲ್ಸ್ ಚೈಲ್ಡ್' (ಕ್ರಿಸ್ತವಿರೋಧಿ/ಸೈತಾನನ ಮಗು) ಎಂಬುದರ ಗುಪ್ತರೂಪವಂತೆ. ನಿಜವೇ? ಬ್ಯಾಂಡುಗಳಿಗೆ ಇಂಥ ಹೆಸರು ಬರುವುದಾದರೂ ಎಲ್ಲಿಂದ?

ಉತ್ತರ: ಸುಳ್ಳು.

ಇಷ್ಟಕ್ಕೇ ಮುಗಿಸಬಹುದಿತ್ತು. ಹಿಂದೆ ಮುಗಿಸಿಯೂ ಇದ್ದೇನೆ. ಮುಗಿಸಿದಾಗಲೆಲ್ಲ 'ಇಲ್ಲ ಸಾರ್, ನನ್ನ ಗೆಳೆಯನಿಗೆ ಗೊತ್ತಿರುವವರೊಬ್ಬರು ಹೇಳಿದ್ದು' ಎಂದು ಅದೇ ಪ್ರಶ್ನೆ ಬೇರೆ ಅಂಗಿ ತೊಟ್ಟು ವಾಪಸು ಬಂದಿದೆ. ಆದ್ದರಿಂದ ಈ ಸಲ ಬೇರುಸಮೇತ ಕೀಳುತ್ತೇನೆ. ಸ್ವಲ್ಪ ಕೂತು ಓದಿ.

ಮೊದಲು ನಡೆದದ್ದು. ಮಾಲ್ಕಮ್ ಯಂಗ್ ಮತ್ತು ಆಂಗಸ್ ಯಂಗ್ ಅಣ್ಣತಮ್ಮಂದಿರು. ಹುಟ್ಟಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. 1963ರಲ್ಲಿ ಕುಟುಂಬ ಆಸ್ಟ್ರೇಲಿಯಾದ ಸಿಡ್ನಿಗೆ ವಲಸೆ ಹೋಯಿತು. 1973ರ ನವೆಂಬರಿನಲ್ಲಿ ಬ್ಯಾಂಡು ಕಟ್ಟಿದಾಗ ಅಣ್ಣನಿಗೆ ಇಪ್ಪತ್ತು, ತಮ್ಮನಿಗೆ ಹದಿನೆಂಟು. ಹೆಸರು ಬೇಕಿತ್ತು. ಅಕ್ಕ ಮಾರ್ಗರೆಟ್ ಹೊಲಿಗೆ ಯಂತ್ರದ ಮೇಲಿದ್ದ ನಾಲ್ಕು ಅಕ್ಷರ ನೋಡಿ, ಇದನ್ನೇ ಇಟ್ಟುಕೊಳ್ಳಿ ಎಂದಳು. ದಿಕ್ಕು ಬದಲಿಸುತ್ತಲೇ ಹರಿಯುವ ಪರ್ಯಾಯ ವಿದ್ಯುತ್ತಿಗೂ (ಎಸಿ) ಆದೀತು, ಒಂದೇ ದಿಕ್ಕಿಗೆ ಹರಿಯುವ ನೇರ ವಿದ್ಯುತ್ತಿಗೂ (ಡಿಸಿ) ಆದೀತು ಎಂಬುದು ಆ ಅಕ್ಷರಗಳ ಅರ್ಥ. ವಿದ್ಯುತ್ ಗಿಟಾರು ಬಾರಿಸುವ ಹುಡುಗರಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದುಂಟೇ? ಆಂಗಸ್ ಶಾಲೆಯ ಸಮವಸ್ತ್ರ ತೊಟ್ಟು ವೇದಿಕೆ ಹತ್ತಲಿ ಎಂದವಳೂ ಇದೇ ಅಕ್ಕ. ಆ ಬ್ಯಾಂಡಿನ ಅರ್ಧ ಚಹರೆ ಅವಳದೇ ಎಂದರೆ ಅತಿಶಯವಲ್ಲ. ಯಂತ್ರ ಹೊಲಿಗೆಯದಲ್ಲ, ವ್ಯಾಕ್ಯೂಮ್ ಕ್ಲೀನರ್ ಎನ್ನುವವರಿದ್ದಾರೆ. ನೋಡಿದ್ದು ಅಕ್ಕನಲ್ಲ, ಅತ್ತಿಗೆ ಎಂಬ ಪಾಠಾಂತರವೂ ಒಂದಿದೆ. ಇರಲಿ. ಆ ಎರಡು ಯಂತ್ರಗಳ ಹೊಟ್ಟೆಯೊಳಗೆ ಇರುವುದು ಒಂದೇ ಬಗೆಯ ಮೋಟಾರು. ಆ ಮಾತಿಗೆ ಆಮೇಲೆ ಬರುತ್ತೇನೆ, ಯಾರೂ ಕೇಳದಿದ್ದರೂ.

ಈಗ ಸೈತಾನನ ಸರದಿ.

ಸಂಕ್ಷಿಪ್ತ ರೂಪ ಎನ್ನುವುದಕ್ಕೆ ಒಂದು ಮೂಲರೂಪ ಇರಲೇಬೇಕು. ಈ ಗುಪ್ತಾರ್ಥವನ್ನು ನಂಬುವವರನ್ನೇ ಕೇಳಿ ನೋಡಿ. ಒಬ್ಬರು 'ಡೆವಿಲ್ಸ್ ಚೈಲ್ಡ್' ಎನ್ನುತ್ತಾರೆ, ಇನ್ನೊಬ್ಬರು 'ಡೆವಿಲ್ಸ್ ಕ್ರುಸೇಡ್' ಎನ್ನುತ್ತಾರೆ. 'ಡೆತ್ ಟು ಕ್ರೈಸ್ಟ್' ಎನ್ನುವವರಿದ್ದಾರೆ. ಅವರಿಗೆ ನಡುವಿನ ಒಂದು ಅಕ್ಷರ ಎಲ್ಲಿ ಹೋಯಿತು ಎಂಬ ಚಿಂತೆಯೂ ಇಲ್ಲ. 'ಆಫ್ಟರ್ ಕ್ರೈಸ್ಟ್, ಡೆವಿಲ್ ಕಮ್ಸ್' ಎಂದು ಪೂರ್ತಿ ವಾಕ್ಯವನ್ನೇ ಕಟ್ಟಿದವರೂ ಇದ್ದಾರೆ. ರಹಸ್ಯ ಒಂದೇ ಆಗಿದ್ದರೆ ಬಿಡಿಸಿದಾಗ ಒಂದೇ ಉತ್ತರ ಬರಬೇಕಿತ್ತು. ನಾಲ್ಕು ಜನಕ್ಕೆ ನಾಲ್ಕು ಉತ್ತರ ಬಂದರೆ ಅವರು ಬಿಡಿಸುತ್ತಿಲ್ಲ, ಹೆಣೆಯುತ್ತಿದ್ದಾರೆ. ಈ ಆಟವನ್ನು ಯಾರು ಬೇಕಾದರೂ ಆಡಬಹುದು. ಎಸಿ/ಡಿಸಿ ಅಂದರೆ 'ಅಜ್ಜಿಯ ಚಾಪೆ/ದೊಡ್ಡಪ್ಪನ ಚಪ್ಪಲಿ' ಎಂದು ನಾನು ಈಗಷ್ಟೇ ಕಂಡುಹಿಡಿದೆ. ಅಕ್ಷರಕ್ಕೆ ಅಕ್ಷರ ತಾಳೆಯಾಗುತ್ತದೆ. ನಾಳೆ ಇದೂ ಗುಪ್ತಾರ್ಥಗಳ ಸಾಲಿಗೆ ಸೇರಿದರೆ ತಪ್ಪು ನನ್ನದೇ.

ಎರಡನೆಯದು, ಕಣ್ಣೆದುರೇ ಇರುವ ಗೆರೆ. ಎಸಿ ಮತ್ತು ಡಿಸಿ ನಡುವಿನ ಆ ಓರೆಗೆರೆ ವಿದ್ಯುತ್ ಉಪಕರಣಗಳ ಹಣೆಪಟ್ಟಿಯಿಂದ ಇದ್ದಂತೆಯೇ ಎತ್ತಿ ತಂದದ್ದು. ಮುಂದೆ ಲಾಂಛನ ಮಾಡುವಾಗ ಅದು ಮಿಂಚಾಯಿತು. ಆ ಲಾಂಛನದ ಕಥೆ ಇನ್ನೂ ಚೆನ್ನಾಗಿದೆ. 1977ರಲ್ಲಿ ಅದನ್ನು ಬರೆದುಕೊಟ್ಟವರು ಅಮೆರಿಕದ ಅಕ್ಷರ ವಿನ್ಯಾಸಕ ಜೆರಾರ್ಡ್ ಹುವೆರ್ಟಾ. ಆ ಚೂಪು ಮೂಲೆಯ ಅಕ್ಷರಗಳಿಗೆ ತಮಗೆ ಸ್ಫೂರ್ತಿ ಸಿಕ್ಕಿದ್ದು ಗುಟೆನ್‌ಬರ್ಗ್ ಮುದ್ರಿಸಿದ ಬೈಬಲ್ಲಿನ ಅಚ್ಚಿನಿಂದ ಎಂದು ಅವರೇ ಹೇಳಿದ್ದಾರೆ. ಸೈತಾನನ ಮುದ್ರೆಯೆಂದು ಹೆದರಿ ಮಗನ ಟೀ ಶರ್ಟನ್ನು ಬಚ್ಚಿಟ್ಟ ತಂದೆತಾಯಿಗಳು ಬಚ್ಚಿಟ್ಟದ್ದು ಬೈಬಲ್ಲಿನ ಅಕ್ಷರಗಳ ಮೊಮ್ಮಕ್ಕಳನ್ನು!

ಮೂರನೆಯದು, ಶುರುವಿನಲ್ಲಿ ಈ ಹೆಸರು ತಂದ ಮುಜುಗರವೇ ಬೇರೆ. ಆಗಿನ ಇಂಗ್ಲಿಷ್ ಆಡುಮಾತಿನಲ್ಲಿ ಗಂಡು ಹೆಣ್ಣು ಇಬ್ಬರತ್ತಲೂ ಒಲವುಳ್ಳವರನ್ನು ಎಸಿ/ಡಿಸಿ ಎನ್ನುತ್ತಿದ್ದರು. ಯಂಗ್ ಸೋದರರಿಗೆ ಅದು ಗೊತ್ತಾದದ್ದು ಹೆಸರಿಟ್ಟ ಮೇಲೆ. ಹೆಸರಿನ ಮೇಲುಮೇಲಿನ ಅರ್ಥವನ್ನೇ ವಿಚಾರಿಸದ ಹುಡುಗರು ಅದರಡಿಯಲ್ಲಿ ಸೈತಾನನ ಸಂದೇಶ ಹುದುಗಿಸಿದರು ಎಂದು ನಂಬಲು ಬಹಳ ಉದಾರ ಮನಸ್ಸು ಬೇಕು.

ಹಾಗಾದರೆ ಈ ಕಥೆ ಅಂಟಿಕೊಂಡದ್ದು ಹೇಗೆ? ಇದರಲ್ಲಿ ಬ್ಯಾಂಡಿನವರದೂ ಪಾಲಿದೆ, ಅದನ್ನು ಮುಚ್ಚಿಡುವುದಿಲ್ಲ. 1979ರ ಆಲ್ಬಮ್ಮಿಗೆ 'ಹೈವೇ ಟು ಹೆಲ್' ಎಂದು ಹೆಸರಿಟ್ಟು, ಮುಖಪುಟದಲ್ಲಿ ಆಂಗಸ್ ತಲೆಗೆ ಕೊಂಬು ಸಿಕ್ಕಿಸಿ, ಕೈಗೆ ಬಾಲ ಕೊಟ್ಟು ನಿಲ್ಲಿಸಿದರು. ನರಕ ಎಂದದ್ದು ಮುಗಿಯದ ಪ್ರವಾಸದ ಸುಸ್ತಿಗೆ ಎಂದು ಆಮೇಲೆ ಎಷ್ಟು ವಿವರಿಸಿದರೂ ಕೊಂಬು ಕೊಂಬೇ. ಆರು ವರ್ಷದ ನಂತರ, 1985ರಲ್ಲಿ, ಲಾಸ್ ಏಂಜಲೀಸ್ ಸುತ್ತಮುತ್ತ ರಾತ್ರಿ ಮನೆಗಳಿಗೆ ನುಗ್ಗಿ ಕೊಲ್ಲುತ್ತಿದ್ದವನೊಬ್ಬ ಸಿಕ್ಕಿಬಿದ್ದ. ಅಪರಾಧದ ಜಾಗವೊಂದರಲ್ಲಿ ಎಸಿ/ಡಿಸಿ ಟೋಪಿ ಬಿದ್ದಿತ್ತು, ಅವನು ಆ ಬ್ಯಾಂಡಿನ ಅಭಿಮಾನಿ ಎಂಬ ಸುದ್ದಿಯೂ ಹೊರಬಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಾಡುಗಳ ಸಾಹಿತ್ಯದ ಬಗ್ಗೆ ಅಮೆರಿಕದ ಸೆನೆಟ್ಟಿನಲ್ಲೇ ವಿಚಾರಣೆ ನಡೆಯಿತು. ಅಷ್ಟು ಬೆಂಕಿ ಬಿದ್ದಮೇಲೆ ಯಾರಿಗೂ ಹೊಲಿಗೆ ಯಂತ್ರ ನೆನಪಾಗಲಿಲ್ಲ. ನಿಜ ಎಷ್ಟು ಸಪ್ಪೆ ನೋಡಿ: ಅಕ್ಕ, ಬಟ್ಟೆ, ಮೋಟಾರು. ಸೈತಾನನೆದುರು ಇದು ಹೇಗೆ ಗೆದ್ದೀತು?

ಇದೇ ಅಚ್ಚಿನಲ್ಲಿ ಎರಕವಾದ ಇನ್ನೊಂದು, ಕಿಸ್ ಬ್ಯಾಂಡಿನದು. 'ನೈಟ್ಸ್ ಇನ್ ಸೇಟನ್ಸ್ ಸರ್ವಿಸ್', ಸೈತಾನನ ಸೇವೆಯಲ್ಲಿರುವ ವೀರರು ಎಂದು ಅದನ್ನು ಬಿಡಿಸುತ್ತಾರೆ. ಇಲ್ಲೂ ವೀರರ ಜಾಗದಲ್ಲಿ ಒಮ್ಮೆ ರಾಜರು, ಒಮ್ಮೆ ಮಕ್ಕಳು ಬಂದು ಕೂರುತ್ತಾರೆ. 1973ರ ನ್ಯೂಯಾರ್ಕಿನಲ್ಲಿ ನಡೆದದ್ದು ಇಷ್ಟು: ಡ್ರಮ್ಮರ್ ಪೀಟರ್ ಕ್ರಿಸ್ ಹಿಂದೆ 'ಲಿಪ್ಸ್' ಎಂಬ ಬ್ಯಾಂಡಿನಲ್ಲಿದ್ದ, ಆ ಮಾತು ಬಂದಾಗ ಪಾಲ್ ಸ್ಟ್ಯಾನ್ಲಿ 'ಹಾಗಾದರೆ ಕಿಸ್' ಎಂದ. ತುಟಿಯಿಂದ ಮುತ್ತಿಗೆ ಎಷ್ಟು ದೂರ? ಅವರ ಲಾಂಛನಕ್ಕೆ ನಿಜವಾದ ತೊಡಕೊಂದು ಬಂದದ್ದುಂಟು. ಕೊನೆಯ ಎರಡು ಅಕ್ಷರ ನಾಜಿಗಳ ಎಸ್‌ಎಸ್ ಪಡೆಯ ಚಿಹ್ನೆಯನ್ನು ಹೋಲುತ್ತಿದ್ದವು. ಜರ್ಮನಿಯಲ್ಲಿ ಆ ಚಿಹ್ನೆಗೆ ನಿಷೇಧವಿದ್ದುದರಿಂದ ಅಲ್ಲಿಗಾಗಿ ಅಕ್ಷರಗಳನ್ನು ತಿದ್ದಿದರು. ಈ ನಿಜವಾದ ವಿಷಯದ ಬಗ್ಗೆ ನನ್ನನ್ನು ಈವರೆಗೆ ಒಬ್ಬರೂ ಕೇಳಿಲ್ಲ.

ಅಕ್ಷರ ಬಿಡಿಸಲೇಬೇಕು ಎಂಬ ಚಪಲ ಇರುವವರು ಅಬ್ಬಾ ಎಂಬ ತಂಡದತ್ತ ಹೋಗಿ. ಅವರು ರಾಕ್ ಅಲ್ಲ ಎಂದು ಜಗಳಕ್ಕೆ ಬರಬೇಡಿ. ಆಗ್ನೆತಾ, ಬ್ಯೋರ್ನ್, ಬೆನ್ನಿ, ಆನಿ-ಫ್ರಿಡ್: ನಾಲ್ವರ ಮೊದಲಕ್ಷರ ಸೇರಿ ನಾಲ್ಕಕ್ಷರ. ಸ್ವೀಡನ್ನಿನಲ್ಲಿ ಅದೇ ಹೆಸರಿನ ಡಬ್ಬಿ ಮೀನಿನ ಕಂಪನಿ ಮೊದಲೇ ಇತ್ತು. ಇಲ್ಲಿ ಸಿಗುವ ರಹಸ್ಯವೆಂದರೆ ಮೀನು.

ಇನ್ನು ಪ್ರಶ್ನೆಯ ಎರಡನೇ ಅರ್ಧ. ಹೆಸರುಗಳು ಬರುವುದು ಹೆಚ್ಚಾಗಿ ಅವಸರದಲ್ಲಿ. ಹಳೆಯ ಹೆಸರು ಬೇರೆಯವರದಾಗಿರುತ್ತದೆ, ಕಾರ್ಯಕ್ರಮ ಹತ್ತಿರ ಬಂದಿರುತ್ತದೆ, ಕಣ್ಣಿಗೆ ಬಿದ್ದದ್ದೇ ಹೆಸರು. ಸಿಡ್ ಬ್ಯಾರೆಟ್‌ನ ಬ್ಯಾಂಡು 'ಟೀ ಸೆಟ್' ಎಂದಿತ್ತು. ಅದೇ ವೇದಿಕೆಗೆ ಇನ್ನೊಂದು ಟೀ ಸೆಟ್ ಬಂತು. ಬ್ಯಾರೆಟ್ ತನಗೆ ನೆನಪಿದ್ದ ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಎಂಬ ಇಬ್ಬರು ಬ್ಲೂಸ್ ಗಾಯಕರ ಮೊದಲ ಹೆಸರುಗಳನ್ನು ಜೋಡಿಸಿ 'ಪಿಂಕ್ ಫ್ಲಾಯ್ಡ್' ಮಾಡಿಬಿಟ್ಟ. 'ನಿಮ್ಮಲ್ಲಿ ಪಿಂಕ್ ಯಾರು?' ಎಂದು ಮಂದಿ ಎಷ್ಟು ಸಲ ಕೇಳಿದರೆಂದರೆ 1975ರಲ್ಲಿ ಅದನ್ನೇ ಹಾಡಿನೊಳಗೆ ಹಾಕಿ ಸೇಡು ತೀರಿಸಿಕೊಂಡರು. ಆ ಸಂಕಟ ನನಗೆ ಅರ್ಥವಾಗುತ್ತದೆ.

ಸೈತಾನನ ವಾಸನೆ ನಿಜಕ್ಕೂ ಇರುವ ಹೆಸರು ಬೇಕಾದರೆ ಬ್ಲ್ಯಾಕ್ ಸಬ್ಬತ್ ಇದೆ. ಆದರೆ ಅದೂ ಬಂದದ್ದು ಸಿನಿಮಾ ಪೋಸ್ಟರಿನಿಂದ. ಬರ್ಮಿಂಗ್‌ಹ್ಯಾಮಿನ ಈ ಹುಡುಗರು ಆಗ 'ಅರ್ಥ್' ಎಂಬ ಹೆಸರಲ್ಲಿ ಬಾರಿಸುತ್ತಿದ್ದರು, ಆ ಹೆಸರೂ ಬೇರೆ ಬ್ಯಾಂಡಿಗಿತ್ತು. ತಾಲೀಮಿನ ಜಾಗದೆದುರಿನ ಚಿತ್ರಮಂದಿರದಲ್ಲಿ 1963ರ ಭಯಾನಕ ಚಿತ್ರ ಓಡುತ್ತಿತ್ತು. ಹೆದರಿಕೊಳ್ಳಲು ಜನ ದುಡ್ಡು ಕೊಟ್ಟು ಸಾಲು ನಿಲ್ಲುತ್ತಾರಲ್ಲ ಎಂಬುದು ಅವರ ತಲೆಗೆ ಹೊಳೆಯಿತು. ತಮಾಷೆಯೆಂದರೆ ಆ ಚಿತ್ರ ಇಟಲಿಯದು, ಅದರ ಮೂಲ ಹೆಸರಿಗೆ 'ಭಯದ ಮೂರು ಮುಖಗಳು' ಎಂದರ್ಥ. 'ಬ್ಲ್ಯಾಕ್ ಸಬ್ಬತ್' ಎಂಬುದು ಇಂಗ್ಲಿಷ್ ಪ್ರೇಕ್ಷಕರಿಗಾಗಿ ಅಂಟಿಸಿದ ಚೀಟಿ. ಚೀಟಿಯ ಮೇಲಿನ ಚೀಟಿ ಇದು!

ಲೆಡ್ ಜೆಪ್ಪಲಿನ್ ಒಂದು ಕುಹಕ. ಇವರು ಸೀಸದ ಬಲೂನಿನ ಹಾಗೆ ನೆಲಕ್ಕೆ ಬೀಳುತ್ತಾರೆ ಎಂದು 'ದ ಹೂ' ಬ್ಯಾಂಡಿನವರು ಆಡಿದ್ದ ಮಾತು. ಸೀಸಕ್ಕೆ ಇಂಗ್ಲಿಷಿನಲ್ಲಿ 'ಲೆಡ್'; ಆ ಕಾಗುಣಿತವನ್ನು 'ಲೀಡ್' ಎಂದು ಓದಿಕೊಂಡಾರು ಎಂದು ಒಂದು ಅಕ್ಷರ ಕಿತ್ತರು. ವಾಯುನೌಕೆಯ ಜೆಪ್ಪಲಿನ್ ವಂಶದ ಹೆಣ್ಣುಮಗಳೊಬ್ಬಳು ಸಿಟ್ಟಾದ್ದರಿಂದ 1970ರ ಫೆಬ್ರವರಿಯಲ್ಲಿ ಕೋಪನ್‌ಹೇಗನ್ನಿನಲ್ಲಿ ಒಂದು ರಾತ್ರಿ 'ದ ನಾಬ್ಸ್' ಎಂಬ ಹೆಸರಲ್ಲಿ ಬಾರಿಸಬೇಕಾಯಿತು. ಲಿನರ್ಡ್ ಸ್ಕಿನರ್ಡ್ ಎಂಬುದು, ಉದ್ದ ಕೂದಲು ಬಿಟ್ಟ ಹುಡುಗರನ್ನು ಸುಮ್ಮನೆ ಬಿಡದಿದ್ದ ವ್ಯಾಯಾಮ ಮೇಷ್ಟ್ರು ಲಿಯೊನಾರ್ಡ್ ಸ್ಕಿನರ್ ಹೆಸರಿನ ಅಪಭ್ರಂಶ. ಮೇಷ್ಟರ ಮೇಲೆ ಶಿಷ್ಯರು ತೀರಿಸಿಕೊಂಡ ಸೇಡು ಇಷ್ಟು ದೀರ್ಘಾಯುಷಿಯಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಜೆಥ್ರೊ ಟಲ್ ಬ್ಯಾಂಡಿಗೆ ಹೆಸರು ಕೊಟ್ಟವನು 18ನೇ ಶತಮಾನದ ಕೃಷಿಕ, ಬೀಜ ಬಿತ್ತುವ ಯಂತ್ರಕ್ಕೆ ಹೆಸರಾದವನು. ಒಮ್ಮೆ ಬಾರಿಸಿದ ಕ್ಲಬ್ಬುಗಳು ಮತ್ತೆ ಕರೆಯದಿದ್ದಾಗ ಆ ಬ್ಯಾಂಡಿನವರು ಪದೇ ಪದೇ ಹೆಸರು ಬದಲಿಸುತ್ತಿದ್ದರು. ಕ್ಲಬ್ಬೊಂದು ಮತ್ತೆ ಬನ್ನಿ ಎಂದ ದಿನ ಇದ್ದ ಹೆಸರೇ ಉಳಿಯಿತು. 1968ರ ಮೊದಲ ಹಾಡಿನ ತಟ್ಟೆಯ ಮೇಲೆ ಅದೂ 'ಜೆಥ್ರೊ ಟೋ' ಎಂದು ತಪ್ಪಾಗಿ ಅಚ್ಚಾಗಿತ್ತು.

ಈಗ ಮೋಟಾರು. ಹೊಲಿಗೆ ಯಂತ್ರ ಎರಡೂ ಬಗೆಯ ವಿದ್ಯುತ್ತಿಗೆ ಹೊಂದುವಂತೆ ಯಾಕಿತ್ತು ಎಂದು ಒಬ್ಬರಾದರೂ ಕೇಳಬಹುದಿತ್ತು. ಬ್ಯಾಂಡಿನ ಹೆಸರು ಹುಟ್ಟಿದ್ದು ಆ ಕಾರಣದಿಂದಲೇ.

ಎಡಿಸನ್ 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಿಂದ ಹರಿಸಿದ್ದು ನೇರ ವಿದ್ಯುತ್ತು. ಆಮೇಲೆ ಪರ್ಯಾಯ ವಿದ್ಯುತ್ತು ಗೆದ್ದಿತು, ಆದರೆ ಹಳೆಯ ತಂತಿಗಳನ್ನು ಯಾರೂ ರಾತ್ರೋರಾತ್ರಿ ಕಿತ್ತೆಸೆಯಲಿಲ್ಲ. ಮ್ಯಾನ್‌ಹಟನ್ನಿನಲ್ಲಿ ನೇರ ವಿದ್ಯುತ್ತಿನ ಕೊನೆಯ ಸಂಪರ್ಕ ಕಡಿದದ್ದು 2007ರಲ್ಲಿ! ಹಾಗಾಗಿ ಯಂತ್ರ ಮಾರುವವರಿಗೆ ಕೊಳ್ಳುವವರ ಗೋಡೆಯಲ್ಲಿ ಯಾವುದು ಬರುತ್ತದೋ ಗೊತ್ತಿರುತ್ತಿರಲಿಲ್ಲ. ಎರಡಕ್ಕೂ ಓಡುವ ಯುನಿವರ್ಸಲ್ ಮೋಟಾರು ಇಟ್ಟರು. ಅದರಲ್ಲಿ ನಿಂತ ಸುರುಳಿಯನ್ನೂ ತಿರುಗುವ ಸುರುಳಿಯನ್ನೂ ಒಂದರ ಬೆನ್ನಿಗೊಂದು ಜೋಡಿಸಿರುತ್ತಾರೆ. ವಿದ್ಯುತ್ತು ದಿಕ್ಕು ಬದಲಿಸಿದರೆ ಎರಡರ ಕಾಂತಕ್ಷೇತ್ರವೂ ಒಟ್ಟಿಗೇ ತಿರುಗಿಬೀಳುತ್ತದೆ. ಋಣವನ್ನು ಋಣದಿಂದ ಗುಣಿಸಿದರೆ ಧನ ತಾನೇ? ತಳ್ಳುವ ದಿಕ್ಕು ಬದಲಾಗುವುದಿಲ್ಲ. 50 ಹರ್ಟ್ಸ್ ವಿದ್ಯುತ್ತು ಸೆಕೆಂಡಿಗೆ 100 ಸಲ ಮನಸ್ಸು ಬದಲಿಸಿದರೂ ಸೂಜಿಗೆ ಅದರ ಸುಳಿವೂ ಸಿಗದು.

ಆಂಗಸ್ ತಂತಿ ಮಿಡಿದಾಗ ಅದರ ಕಂಪನವನ್ನು ವಿದ್ಯುತ್ತಾಗಿಸುವ ಗಿಟಾರಿನ ಪಿಕಪ್ಪಿನಲ್ಲಿ ಹುಟ್ಟುವುದೂ ಪರ್ಯಾಯ ವಿದ್ಯುತ್ತೇ. ಅದನ್ನು ಹಿಗ್ಗಿಸುವ ಮಾರ್ಷಲ್ ಆಂಪ್ಲಿಫೈಯರು ಗೋಡೆಯಿಂದ ಎಳೆದುಕೊಳ್ಳುವುದು ಎಸಿ, ಒಳಗಿನ ವಾಲ್ವ್‌ಗಳಿಗೆ (ನಿರ್ವಾತ ನಳಿಕೆಗಳಿಗೆ) ಉಣಿಸುವುದು ಡಿಸಿ. ಇದು ಅಕ್ಕನಿಗೂ ತಮ್ಮಂದಿರಿಗೂ ಆಗ ಗೊತ್ತಿತ್ತು ಎಂದು ಮಾತ್ರ ಯಾರೂ ಹಬ್ಬಿಸಬೇಡಿ.