ಕಣ್ಣಿಗೆ ಒಂದು ಲಿಪಿ, ಬೆರಳಿಗೆ ಇನ್ನೊಂದು

ಉಬ್ಬು ಚುಕ್ಕೆಗಳನ್ನು ಬೆರಳಿಂದ ಸವರಿ ಓದುವ ಬ್ರೈಲ್ ಲಿಪಿ ಬರುವುದಕ್ಕೂ ಮೊದಲೇ ಕಣ್ಣು ಕಾಣದವರಿಗೆ ಪುಸ್ತಕಗಳಿದ್ದವು. ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆಯಲ್ಲಿ ಮಾಮೂಲಿ ಅಕ್ಷರಗಳನ್ನೇ ದಪ್ಪ ಕಾಗದದ ಮೇಲೆ ಉಬ್ಬುವಂತೆ ಒತ್ತುತ್ತಿದ್ದರು. ಒಂದೊಂದು ಅಕ್ಷರದ ಗೆರೆಯನ್ನೂ ಬೆರಳು ಸವರಿ ಗುರುತಿಸಬೇಕು. ವಾಕ್ಯ ಮುಗಿಯುವಷ್ಟರಲ್ಲಿ ಶುರು ಏನಿತ್ತೆಂಬುದೇ ಮರೆತುಹೋಗುತ್ತೆ, ಅಲ್ವಾ? ಇನ್ನು ಮಕ್ಕಳು ತಾವೇ ಹಾಗೆ ಬರೆಯುವುದಂತೂ ಆಗದ ಮಾತು.

ಮೂರನೇ ವಯಸ್ಸಿನಲ್ಲಿ ಅಪ್ಪನ ಚರ್ಮದ ಕೆಲಸದ ಹತ್ಯಾರು ತಾಗಿ ಕಣ್ಣು ಕಳೆದುಕೊಂಡ ಲೂಯಿ ಬ್ರೈಲ್ 1819ರಲ್ಲಿ ಈ ಶಾಲೆಗೆ ಸೇರಿದ. ಕೆಲ ಕಾಲದ ನಂತರ ಚಾರ್ಲ್ಸ್ ಬಾರ್ಬಿಯೇ ಎಂಬುವರ ಚುಕ್ಕೆ ಲಿಪಿ ಅಲ್ಲಿಗೆ ಬಂತು. ಗೆರೆಗಿಂತ ಚುಕ್ಕೆಯೇ ಬೆರಳಿಗೆ ಚೆನ್ನಾಗಿ ತಿಳಿಯುತ್ತದೆ ಎಂಬುದನ್ನು ಹಿಡಿದವರು ಅವರು. ಆದರೆ ಒಂದು ಗುರುತಿಗೆ 12 ಚುಕ್ಕೆಗಳವರೆಗೆ ಬೇಕಾಗುತ್ತಿತ್ತು. ಅಷ್ಟೆಲ್ಲ ಒಂದೇ ಬೆರಳ ತುದಿಗೆ ಸಿಗದು. ಮೇಲಾಗಿ ಅದು ಬರೀ ಉಚ್ಚಾರಣೆಯ ಲಿಪಿ, ಕಾಗುಣಿತಕ್ಕೆ ಜಾಗವಿರಲಿಲ್ಲ.

1824ರ ಹೊತ್ತಿಗೆ, 15ರ ಹುಡುಗ ಲೂಯಿ ಚುಕ್ಕೆಗಳನ್ನು ಆರಕ್ಕೆ ಇಳಿಸಿದ: ಮೇಲಿಂದ ಕೆಳಕ್ಕೆ ಎರಡು ಸಾಲು, ಸಾಲಿಗೆ ಮೂರು. ಈಗ ಇಡೀ ಅಕ್ಷರ ಒಂದೇ ಸ್ಪರ್ಶಕ್ಕೆ ಸಿಕ್ಕಿತು. ಖಾಲಿ ಜಾಗವೂ ಸೇರಿ 64 ಜೋಡಣೆ ಸಾಧ್ಯ. ಫ್ರೆಂಚ್ ವರ್ಣಮಾಲೆಯ ಮೊದಲ ಹತ್ತು ಅಕ್ಷರಕ್ಕೆ ಮೇಲಿನ ನಾಲ್ಕು ಚುಕ್ಕೆಗಳೇ ಸಾಕು. ಅವಕ್ಕೆ ಎಡಗಡೆ ಕೆಳಗೊಂದು ಚುಕ್ಕೆ ಸೇರಿಸಿದರೆ ಮುಂದಿನ ಹತ್ತು. ಇಂಗ್ಲಿಷಿನ 'ಡಬ್ಲ್ಯೂ' ಮಾತ್ರ ಈ ಕ್ರಮಕ್ಕೆ ಹೊಂದುವುದಿಲ್ಲ. ಆಗಿನ ಫ್ರೆಂಚರಿಗೆ ಆ ಅಕ್ಷರ ಬೇಕೇ ಇರಲಿಲ್ಲ!

ನನ್ನ ಮಟ್ಟಿಗೆ ಓದಿಗಿಂತ ದೊಡ್ಡ ಲಾಭ ಬರವಣಿಗೆ. ಕಿಂಡಿಗಳಿರುವ ಪಟ್ಟಿಗೆ ಕಾಗದ ಸಿಕ್ಕಿಸಿ, ಮೊಂಡು ಮೊನೆಯ ಕಡ್ಡಿಯಿಂದ ಒಂದೊಂದೇ ಚುಕ್ಕೆ ಒತ್ತುತ್ತಾರೆ. ಉಬ್ಬು ಮೂಡುವುದು ಹಿಂಬದಿಗೆ. ಹಾಗಾಗಿ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡಂತೆ ಬರೆಯಬೇಕು. ಹಾಳೆ ತಿರುವಿದರೆ ಎಡದಿಂದ ಬಲಕ್ಕೆ ಓದಬಹುದು.

ಆದರೂ ಶಾಲೆ ಇದನ್ನು ಸುಮ್ನೆ ಒಪ್ಪಲಿಲ್ಲ. 1840ರ ದಶಕದಲ್ಲಿ ಕೆಲಕಾಲ ನಿಷೇಧವೂ ಇತ್ತು. ಮಕ್ಕಳು ಕದ್ದುಮುಚ್ಚಿ ಬರೆದುಕೊಳ್ಳುತ್ತಿದ್ದರು. ಕಣ್ಣಿದ್ದವರಿಗೆ ತಮಗೆ ಓದಲು ಬರುವ ಅಕ್ಷರವೇ ಎಲ್ಲರಿಗೂ ಸಲೀಸು ಅನ್ನಿಸುವುದು ಜಾಸ್ತಿ. ಫ್ರಾನ್ಸ್ ಇದನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ, ಲೂಯಿ ತೀರಿಕೊಂಡು ಎರಡು ವರ್ಷದ ಮೇಲೆ.

ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ಬಂತು. ಕನ್ನಡದ 'ಕ'ಕ್ಕೂ ಇಂಗ್ಲಿಷಿನ 'ಕೆ'ಗೂ ಅದರಲ್ಲಿ ಒಂದೇ ಗುರುತು. 'ಕಿ' ಬೇಕಾದರೆ 'ಕ' ಬರೆದು ಪಕ್ಕದಲ್ಲೇ 'ಇ' ಬರೆದರಾಯಿತು. ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ. 'ಅಕ್ಕ' ಬರೆಯಲು 'ಅ' ಆದಮೇಲೆ ಬಲ ಮೇಲ್ಮೂಲೆಯ ಒಂಟಿ ಚುಕ್ಕೆ, ಆಮೇಲೆ ಎರಡು 'ಕ'.